ರೇಡಿಯೋ ಇಲ್ಲದ ಆಕಾಶ: ಕಿವಿ ಕೇಳದವರು ಸಣ್ಣ ವಿಮಾನ ಹಾರಿಸೋದು ಹೇಗೆ?

ಈ ವಾರದ ಎಪಿಸೋಡ್‌ನ ಬರಹ ರೂಪ ಇದು. ಸಾಮಾನ್ಯವಾಗಿ ನಾನು ಮೊದಲು ರೆಕಾರ್ಡ್ ಮಾಡ್ತೀನಿ, ಆಮೇಲೆ ಕೂತು ಬರೆದು ಇಲ್ಲಿ ಹಾಕ್ತೀನಿ. ಈ ಸಲ ಉಲ್ಟಾ. ಮೊದಲು ಬರೆದೆ, ಆಮೇಲೆ ಮೈಕ್ ಆನ್ ಮಾಡಿದೆ. ಯಾಕಂದ್ರೆ ಈ ಎಪಿಸೋಡ್ ಯಾರ ಪ್ರಶ್ನೆಯಿಂದ ಹುಟ್ಟಿತೋ, ಅವಳು ನನ್ನ ಪಾಡ್‌ಕಾಸ್ಟ್ ಕೇಳೋದಿಲ್ಲ, ಓದ್ತಾಳೆ.

ಅವಳು ನನ್ನ ಚಿಕ್ಕಮ್ಮನ ಮಗಳು. 19 ವರ್ಷ. ಚಿಕ್ಕಂದಿನಿಂದ ಕಿವಿ ಕೇಳೋದಿಲ್ಲ. ಕಾಲೇಜು ರಜೆಗೆ ಬೆಂಗಳೂರಿಗೆ ಬಂದಿದ್ಲು. ಒಂದು ದಿನ ಬೆಳಿಗ್ಗೆ ಇಬ್ಬರೂ ಸ್ಕೂಟರ್‌ನಲ್ಲಿ ಜಕ್ಕೂರು ಕಡೆ ಹೋಗ್ತಿದ್ವಿ. ಅಲ್ಲಿ ಸಣ್ಣ ವಿಮಾನಗಳ ಏರ್‌ಫೀಲ್ಡ್ ಇದೆ, ಸರ್ಕಾರಿ ಫ್ಲೈಯಿಂಗ್ ಸ್ಕೂಲ್ ಇದೆ. ಒಂದು ಪುಟ್ಟ ವಿಮಾನ ನಮ್ಮ ಮುಂದೆಯೇ ಮೇಲೇರ್ತಾ ಹೋಯ್ತು. ಹಿಂದೆ ಕೂತಿದ್ದವಳು ನನ್ನ ಭುಜ ತಟ್ಟಿ ಗಾಡಿ ನಿಲ್ಲಿಸಿದ್ಲು. ವಿಮಾನ ಚುಕ್ಕೆ ಆಗೋವರೆಗೂ ನೋಡಿದ್ಲು. ಆಮೇಲೆ ಫೋನ್ ತೆಗೆದು ಟೈಪ್ ಮಾಡಿ ತೋರಿಸಿದ್ಲು: "ಅಕ್ಕಾ, ಇದನ್ನ ನಾನು ಓಡಿಸೋಕೆ ಆಗುತ್ತಾ?"

ನಾನು ಎರಡು ಸೆಕೆಂಡ್ ಕೂಡ ಯೋಚಿಸಲಿಲ್ಲ. "ಇಲ್ಲ ಕಣೇ, ರೇಡಿಯೋ ಕೇಳಿಸ್ಬೇಕಲ್ವಾ" ಅಂತ ಟೈಪ್ ಮಾಡಿದೆ.

ಅವಳು ವಾದ ಮಾಡಲಿಲ್ಲ. ಸರಿ ಅಂತ ತಲೆ ಆಡಿಸಿ ಫೋನ್ ಒಳಗಿಟ್ಲು. ದಿನಕ್ಕೆ ಹತ್ತು ಸಲ 'ಇಲ್ಲ' ಅನ್ನಿಸಿಕೊಂಡು ರೂಢಿ ಇರೋರು ಹನ್ನೊಂದನೇ ಸಲಕ್ಕೆ ವಾದ ಮಾಡಲ್ಲ. ಮನೆಗೆ ಬಂದ ಮೇಲೂ ಅದು ನನ್ನ ತಲೇಲಿ ಕೊರೀತಾನೇ ಇತ್ತು. ನಾನು ವಿಮಾನದ ಬಗ್ಗೆ ಏನೂ ಓದಿದವಳಲ್ಲ. ಆದ್ರೂ ಅಷ್ಟು ಗ್ಯಾರಂಟಿಯಾಗಿ 'ಇಲ್ಲ' ಅಂದಿದ್ದು ಹೇಗೆ? ರಾತ್ರಿ ಹುಡುಕೋಕೆ ಕೂತೆ.

ನನ್ನ ಉತ್ತರ ತಪ್ಪಾಗಿತ್ತು. ಪೂರ್ತಿ ತಪ್ಪಲ್ಲ, ಅದನ್ನ ಕೊನೇಲಿ ಹೇಳ್ತೀನಿ. ಆದ್ರೆ ಅಮೆರಿಕದಲ್ಲಿ ಕಿವುಡರು ಸಣ್ಣ ವಿಮಾನಗಳನ್ನ ಒಬ್ಬರೇ, ಲೈಸೆನ್ಸ್ ಇಟ್ಕೊಂಡು, ಕಾನೂನುಬದ್ಧವಾಗಿ ಹಾರಿಸ್ತಾರೆ. ಇವತ್ತು ನಿನ್ನೆಯಿಂದ ಅಲ್ಲ, ಹಲವು ದಶಕಗಳಿಂದ. ಅವರದ್ದೇ ಒಂದು ಸಂಘ ಇದೆ, ಡೆಫ್ ಪೈಲಟ್ಸ್ ಅಸೋಸಿಯೇಷನ್ ಅಂತ. ಈ ವಾರ ಅದು ಹೇಗೆ ಸಾಧ್ಯ ಅನ್ನೋದನ್ನ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. 'ಕಿವುಡರು' ಅನ್ನೋ ಪದವನ್ನೇ ಬಳಸ್ತೀನಿ. ಕೆಲವರಿಗೆ ಅದು ಬೈಗುಳದ ಥರ ಕೇಳುತ್ತೆ. ನನ್ನ ತಂಗಿ ತನ್ನ ಬಗ್ಗೆ ಹೇಳ್ಕೊಳ್ಳುವಾಗ ಅದೇ ಪದ ಬರೀತಾಳೆ. ಹಾಗಾಗಿ ನಾನೂ ಅದನ್ನೇ ಬರೀತೀನಿ.

ಮೊದಲು ಬಂದಿದ್ದು ವಿಮಾನ, ರೇಡಿಯೋ ಆಮೇಲೆ

ನಮ್ಮ ತಲೇಲಿ ಪೈಲಟ್ ಅಂದ ತಕ್ಷಣ ಬರೋ ಚಿತ್ರ ಏನು? ದೊಡ್ಡ ಹೆಡ್‌ಸೆಟ್, ಬಾಯಿ ಹತ್ರ ಮೈಕ್, 'ರೋಜರ್' ಅನ್ನೋ ಮಾತು. ಹಾಗಾಗಿ ಹಾರಾಟ ಅಂದ್ರೆ ಕೇಳೋದು, ಮಾತಾಡೋದು ಅಂತ ಅಂದ್ಕೊಂಡಿರ್ತೀವಿ. ಇತಿಹಾಸ ಹಾಗಿಲ್ಲ.

ರೈಟ್ ಸಹೋದರರು ಮೊದಲು ಹಾರಿದ್ದು 1903ರಲ್ಲಿ. ಅದಾಗಿ ಎಂಟು ವರ್ಷಕ್ಕೆ, 1911ರಲ್ಲಿ, ಒಬ್ಬ ಮನುಷ್ಯ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ವಿಮಾನದಲ್ಲಿ ಹೊರಟ. ಅಲ್ಲಿಯವರೆಗೆ ಯಾರೂ ಆ ದೇಶವನ್ನ ಈ ತುದಿಯಿಂದ ಆ ತುದಿಗೆ ಹಾರಿ ದಾಟಿರಲಿಲ್ಲ. ಅವನ ಹೆಸರು ಕ್ಯಾಲ್‌ಬ್ರೈತ್ ಪೆರ್ರಿ ರಾಡ್ಜರ್ಸ್. ಎಲ್ಲರೂ ಕ್ಯಾಲ್ ಅಂತಿದ್ರು. ನೌಕಾಪಡೆಯಲ್ಲಿ ದೊಡ್ಡ ಹೆಸರು ಮಾಡಿದ ಮನೆತನ ಅವರದ್ದು. ಆದ್ರೆ ಕ್ಯಾಲ್ ನೌಕಾಪಡೆ ಸೇರೋಕೆ ಆಗಲಿಲ್ಲ. ಆರು ವರ್ಷದವನಿದ್ದಾಗ ಸ್ಕಾರ್ಲೆಟ್ ಜ್ವರ ಬಂದು ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಅಲ್ಪಸ್ವಲ್ಪ ಕೇಳ್ತಿತ್ತು ಅಷ್ಟೇ.

ಸೆಪ್ಟೆಂಬರ್ 17ಕ್ಕೆ ನ್ಯೂಯಾರ್ಕ್‌ನಿಂದ ಹೊರಟ. ವಿಮಾನದ ಹೆಸರು 'ವಿನ್ ಫಿಝ್'. ಅದು ಆಗಿನ ಒಂದು ದ್ರಾಕ್ಷಿ ಸೋಡಾದ ಬ್ರ್ಯಾಂಡ್. ಖರ್ಚು ಕೊಟ್ಟವರು ಅವರೇ, ಅದಕ್ಕೇ ಆ ಹೆಸರು. ಇವತ್ತಿನ ಭಾಷೇಲಿ ಹೇಳೋದಾದ್ರೆ ಪಕ್ಕಾ ಸ್ಪಾನ್ಸರ್‌ಶಿಪ್. ಕೆಳಗೆ ಒಂದು ವಿಶೇಷ ರೈಲು ಬಿಡಿಭಾಗ ತುಂಬಿಕೊಂಡು ಜೊತೆಗೇ ಓಡ್ತಿತ್ತು. ಕ್ಯಾಲ್ ರೈಲು ಹಳಿಯನ್ನೇ ದಾರಿ ಅಂತ ನೋಡ್ಕೊಂಡು ಹಾರಿದ. ದಾರೀಲಿ ಲೆಕ್ಕ ಇಲ್ಲದಷ್ಟು ಸಲ ಬಿದ್ದ, ಎದ್ದ, ರಿಪೇರಿ ಮಾಡಿಸಿದ, ಮತ್ತೆ ಹಾರಿದ. ನವೆಂಬರ್ 5ಕ್ಕೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ತಲುಪಿದ. 49 ದಿನ. 30 ದಿನದಲ್ಲಿ ಮುಗಿಸಿದವರಿಗೆ 50,000 ಡಾಲರ್ ಬಹುಮಾನ ಅಂತ ಪತ್ರಿಕೆಯ ಮಾಲೀಕ ಹರ್ಸ್ಟ್ ಘೋಷಿಸಿದ್ದ. ಅದು ಸಿಗಲಿಲ್ಲ. ಆದ್ರೆ ವಿಮಾನದಲ್ಲಿ ಅಮೆರಿಕ ದಾಟಿದ ಮೊದಲ ಮನುಷ್ಯ ಅನ್ನೋದು ಅವನ ಹೆಸರಲ್ಲೇ ಉಳಿಯಿತು. ಆ ವಿಮಾನ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ವಿಮಾನ ಮ್ಯೂಸಿಯಂ ಸಂಗ್ರಹದಲ್ಲಿದೆ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಕ್ಯಾಲ್‌ಗೆ ಕಿವಿ ಕೇಳದೇ ಇದ್ದಿದ್ದು ಹಾರಾಟಕ್ಕೆ ಅಡ್ಡಿ ಆಗಲೇ ಇಲ್ಲ. ಯಾಕಂದ್ರೆ ಕೇಳಿಸ್ಕೊಳ್ಳೋಕೆ ಅಲ್ಲಿ ಏನೂ ಇರಲಿಲ್ಲ. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನೆಲದ ಮೇಲೆ ಕಂಟ್ರೋಲ್ ಟವರ್ ಇರಲಿಲ್ಲ.

ವಿಮಾನಗಳಿಗೆ ದಾರಿ ತೋರಿಸೋ ಕೆಲಸ ಶುರುವಾದಾಗಲೂ ಅದು ಕಣ್ಣಿನ ಕೆಲಸವೇ ಆಗಿತ್ತು. 1929ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಏರ್‌ಪೋರ್ಟ್‌ನಲ್ಲಿ ಆರ್ಚಿ ಲೀಗ್ ಅನ್ನೋರು ರನ್‌ವೇ ತುದೀಲಿ ನಿಂತು ಬಾವುಟ ತೋರಿಸ್ತಿದ್ರು. ಚೌಕುಳಿ ಬಾವುಟ ಅಂದ್ರೆ ಹೊರಡು, ಕೆಂಪು ಅಂದ್ರೆ ನಿಲ್ಲು. ಅಲ್ಲಿನ ಮೊದಲ ಏರ್ ಟ್ರಾಫಿಕ್ ಕಂಟ್ರೋಲರ್ ಅಂತ ಹೆಸರಿರೋದು ಅವರಿಗೇ. ರೇಡಿಯೋ ಇರೋ ಮೊದಲ ಟವರ್ ಬಂದಿದ್ದು ಮರುವರ್ಷ, 1930ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ.

ಅಷ್ಟರಲ್ಲೇ ಕಿವುಡ ಪೈಲಟ್‌ಗಳು ಇದ್ರು. ಸೌತ್ ಡಕೋಟಾ ರಾಜ್ಯದ ನೆಲ್ಲಿ ವಿಲ್‌ಹೈಟ್ 1928ರಲ್ಲಿ ಪೈಲಟ್ ಆದ್ರು. ಚಿಕ್ಕ ವಯಸ್ಸಲ್ಲೇ ದಡಾರದಿಂದ ಕಿವಿ ಹೋಗಿತ್ತು. ಆ ರಾಜ್ಯದ ಮೊದಲ ಮಹಿಳಾ ಪೈಲಟ್ ಅವರೇ. 'ಮೊದಲ ಕಿವುಡ ಮಹಿಳೆ' ಅಂತ ಅಲ್ಲ, ಎಲ್ಲ ಹೆಂಗಸರಲ್ಲೂ ಮೊದಲನೆಯವರು. 1947ರಲ್ಲಿ ರೂಲಿನ್ ಥಾಮಸ್ ಅನ್ನೋ ಕಿವುಡ ಪೈಲಟ್ ಪುಟ್ಟ ಪೈಪರ್ ಕಬ್ ವಿಮಾನದಲ್ಲಿ ಒಬ್ಬರೇ ಅಮೆರಿಕ ದಾಟಿದ್ರು.

ಪೈಪರ್ ಕಬ್ ಬಗ್ಗೆ ಒಂದು ವಿಷಯ ಗೊತ್ತಿರಲಿ. ಆ ಹಳೇ ಮಾಡೆಲ್‌ನಲ್ಲಿ ಕರೆಂಟ್ ವ್ಯವಸ್ಥೆಯೇ ಇಲ್ಲ. ಪ್ರೊಪೆಲ್ಲರ್ ಅನ್ನ ಕೈಯಲ್ಲಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡಬೇಕು. ಕರೆಂಟ್ ಇಲ್ಲ ಅಂದ್ಮೇಲೆ ರೇಡಿಯೋ ಎಲ್ಲಿಂದ? ಇಂಥ ವಿಮಾನಗಳು ಅಮೆರಿಕದಲ್ಲಿ ಇವತ್ತಿಗೂ ಹಾರ್ತಿವೆ. ಅವುಗಳನ್ನ ಹಾರಿಸೋರಲ್ಲಿ ಬಹುಪಾಲು ಜನಕ್ಕೆ ಕಿವಿ ಚೆನ್ನಾಗೇ ಕೇಳುತ್ತೆ. ಅಂಥ ವಿಮಾನಗಳಿಗೆ ಅಂತಲೇ ಆಕಾಶದ ನಿಯಮಗಳಲ್ಲಿ ಜಾಗ ಇಟ್ಟಿದ್ದಾರೆ. ಕಿವುಡ ಪೈಲಟ್‌ಗಳಿಗೆ ಅಲ್ಲಿ ಯಾರೂ ಹೊಸ ಬಾಗಿಲು ಕೊರೆದು ಕೊಡಲಿಲ್ಲ. ಮೊದಲೇ ಇದ್ದ ಬಾಗಿಲಲ್ಲಿ ಅವರು ಒಳಗೆ ಬಂದ್ರು.

ಕಿವಿಯ ಲೆಕ್ಕ ಬಿಡಿಸಿ ಬರೆಯೋಣ

ನಾನು ಓದಿದ್ದು ಬಿಕಾಂ. ಅಲ್ಲಿ ಕಲಿತ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬಂತು. 'ಇತರೆ ಖರ್ಚು' ಅಂತ ಒಂದೇ ಸಾಲಲ್ಲಿ ದೊಡ್ಡ ಮೊತ್ತ ಬರೆದ್ರೆ ಆಡಿಟರ್ ಒಪ್ಪಲ್ಲ. ಯಾವುದಕ್ಕೆ ಎಷ್ಟು, ಬಿಡಿಸಿ ಬರಿ ಅಂತಾರೆ. 'ಪೈಲಟ್‌ಗೆ ಕಿವಿ ಬೇಕು' ಅನ್ನೋದೂ ಅಂಥದ್ದೇ ಒಂದು ಸಾಲು. ಬಿಡಿಸಿ ನೋಡೋಣ. ಸಣ್ಣ ವಿಮಾನದಲ್ಲಿ ಕಿವಿ ಯಾವ ಯಾವ ಕೆಲಸ ಮಾಡುತ್ತೆ?

ಮೊದಲನೆಯದು, ಎಂಜಿನ್. ಎಂಜಿನ್ ಸದ್ದು ಬದಲಾದ್ರೆ ಪೈಲಟ್‌ಗೆ ಗೊತ್ತಾಗಬೇಕು, ನಿಜ. ಆದ್ರೆ ಒಂದೇ ಎಂಜಿನ್‌ನ ಸಣ್ಣ ವಿಮಾನದ ಒಳಗೆ ಎಷ್ಟು ಗಲಾಟೆ ಇರುತ್ತೆ ಅಂದ್ರೆ, ಕಿವಿ ಕೇಳೋ ಪೈಲಟ್‌ಗಳೇ ಸದ್ದು ತಡೆಯೋ ಹೆಡ್‌ಸೆಟ್ ಹಾಕ್ಕೊಂಡು ಕೂತಿರ್ತಾರೆ. ಎಂಜಿನ್ನಿನ ಆರೋಗ್ಯ ಹೇಳೋಕೆ ಮುಂದೆ ಮೀಟರ್‌ಗಳಿವೆ: ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ, ಆಯಿಲ್ ಪ್ರೆಷರ್ ಎಷ್ಟು, ಆಯಿಲ್ ಬಿಸಿ ಎಷ್ಟು. ಹಾರೋ ಮುಂಚೆ ಎಂಜಿನ್ ಚೆಕ್ ಮಾಡೋದೂ ಕಣ್ಣಲ್ಲೇ. ಕಿಡಿ ಕೊಡೋ ಮ್ಯಾಗ್ನೆಟೋಗಳು ಎರಡು ಇರ್ತವೆ. ಒಂದನ್ನ ಆಫ್ ಮಾಡಿದಾಗ ಮುಳ್ಳು ಎಷ್ಟು ಇಳಿಯುತ್ತೆ ಅಂತ ನೋಡ್ತಾರೆ, ಆಮೇಲೆ ಇನ್ನೊಂದು. ಕಾರ್ಬ್ಯುರೇಟರ್‌ನಲ್ಲಿ ಮಂಜು ಕಟ್ಟೋದು ಅಂತ ಒಂದು ಅಪಾಯ ಇದೆ. ಅದರ ಮೊದಲ ಸುಳಿವೂ ಮೀಟರ್ ಮುಳ್ಳು ಮೆಲ್ಲಗೆ ಇಳಿಯೋದು. ಇದರ ಜೊತೆ ಮೈ ಇದೆ. ಸೀಟು, ಕಾಲಡಿಯ ಪೆಡಲ್, ಕೈಯಲ್ಲಿರೋ ಸ್ಟೇರಿಂಗ್, ಎಲ್ಲದರಲ್ಲೂ ಎಂಜಿನ್ನಿನ ನಡುಕ ಬರ್ತಾನೇ ಇರುತ್ತೆ. ಬೈಕ್ ಓಡಿಸೋರಿಗೆ ಇದು ಗೊತ್ತು. ಎಂಜಿನ್ ಮಿಸ್ ಹೊಡೆದ್ರೆ ಕಿವಿಗಿಂತ ಮೊದಲು ತೊಡೆಗೆ ಗೊತ್ತಾಗುತ್ತೆ.

ಎರಡನೆಯದು, ಸ್ಟಾಲ್ ಎಚ್ಚರಿಕೆ. ಸ್ಟಾಲ್ ಅಂದ್ರೆ ಎಂಜಿನ್ ಆಫ್ ಆಗೋದಲ್ಲ. ಮೂತಿಯನ್ನ ತುಂಬಾ ಮೇಲೆತ್ತಿದಾಗ ರೆಕ್ಕೆ ಮೇಲೆ ಹರಿಯೋ ಗಾಳಿ ಒಡೆದುಹೋಗಿ, ರೆಕ್ಕೆ ಎತ್ತಿ ಹಿಡಿಯೋ ಶಕ್ತಿ ಕಳ್ಕೊಳ್ಳೋದು. ಇದಕ್ಕೆ ಮೊದಲೇ ಎಚ್ಚರಿಕೆ ಬೇಕು. ತರಬೇತಿಗೆ ತುಂಬಾ ಬಳಸೋ ಸೆಸ್ನಾ 172 ವಿಮಾನದಲ್ಲಿ ಎಡರೆಕ್ಕೆಯ ಮುಂಭಾಗದಲ್ಲಿ ಒಂದು ಸಣ್ಣ ತೂತಿದೆ. ಸ್ಟಾಲ್ ಹತ್ರ ಬಂದಾಗ ಅದರ ಮೂಲಕ ಗಾಳಿ ಎಳೆದು ಒಳಗಿರೋ ರೀಡ್ ಕೂಗುತ್ತೆ, ಹಾರ್ಮೋನಿಯಂ ಥರ. ಕಿವುಡ ಪೈಲಟ್‌ಗೆ ಇದು ಕೇಳಿಸಲ್ಲ. ಆದ್ರೆ ಸ್ಟಾಲ್ ಒಬ್ಬನೇ ಬರಲ್ಲ, ಪರಿವಾರ ಸಮೇತ ಬರ್ತಾನೆ. ಮೂತಿ ಮೇಲಿರುತ್ತೆ, ಸ್ಪೀಡ್ ಮೀಟರ್ ಇಳೀತಿರುತ್ತೆ, ಸ್ಟೇರಿಂಗ್ ಹಿಡಿತ ಸಡಿಲ ಆಗುತ್ತೆ, ಕೊನೆಗೆ ಇಡೀ ವಿಮಾನ ಗಡಗಡ ಅಲುಗೋಕೆ ಶುರುವಾಗುತ್ತೆ. ಹಾರನ್ ಇದ್ರೂ ಇಲ್ಲದಿದ್ರೂ ಈ ಲಕ್ಷಣ ಗುರುತಿಸೋದನ್ನ ಎಲ್ಲ ಪೈಲಟ್‌ಗಳಿಗೂ ಕಲಿಸ್ತಾರೆ. ಕೆಲವು ಹಳೇ ಪೈಪರ್ ವಿಮಾನಗಳಲ್ಲಿ ಹಾರನ್ ಬದಲು ಕೆಂಪು ಲೈಟೇ ಇದೆ.

ಮೂರನೆಯದು, ಬೇರೆ ವಿಮಾನಗಳು. ಇದೇ ಮುಖ್ಯ. ಡಿಕ್ಕಿ ಆಗದ ಹಾಗೆ ನೋಡ್ಕೊಳ್ಳೋದು ಹೇಗೆ?

ಅಮೆರಿಕದಲ್ಲಿ ಸಾರ್ವಜನಿಕರು ಬಳಸೋ ಏರ್‌ಪೋರ್ಟ್‌ಗಳು ಸುಮಾರು 5,000 ಇವೆ. ಅದರಲ್ಲಿ ಕಂಟ್ರೋಲ್ ಟವರ್ ಇರೋದು ಸುಮಾರು 500ಕ್ಕೆ ಮಾತ್ರ. ಉಳಿದ ಕಡೆ ಯಾರೂ 'ನೀನು ಇಳಿ, ನೀನು ಕಾಯಿ' ಅಂತ ಹೇಳಲ್ಲ. ಪೈಲಟ್‌ಗಳೇ ನಿಯಮ ಪಾಲಿಸ್ಕೊಂಡು ಇಳೀತಾರೆ. ರೇಡಿಯೋ ಇದ್ದವರು 'ನಾನು ಇಲ್ಲಿದ್ದೀನಿ' ಅಂತ ಹೇಳೋದು ಒಳ್ಳೇ ಅಭ್ಯಾಸ. ಆದ್ರೆ ಇಂಥ ಹೆಚ್ಚಿನ ಕಡೆ ರೇಡಿಯೋ ಇರಲೇಬೇಕು ಅಂತ ಕಾನೂನಿಲ್ಲ.

ಆ ನಿಯಮ ಹೇಗಿದೆ ಅಂದ್ರೆ, ನಮ್ಮ ದೇವಸ್ಥಾನದ ಪ್ರದಕ್ಷಿಣೆ ನೆನಪಿಸ್ಕೊಳ್ಳಿ. ನೂರು ಜನ ಇದ್ರೂ ಎಲ್ಲರೂ ಒಂದೇ ದಿಕ್ಕಲ್ಲಿ ಸುತ್ತೋದ್ರಿಂದ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಏರ್‌ಪೋರ್ಟ್ ಸುತ್ತಲೂ ಹಾಗೇ ಒಂದು ಆಯತಾಕಾರದ ದಾರಿ ಇದೆ, ನೆಲದಿಂದ ಸಾಮಾನ್ಯವಾಗಿ 1,000 ಅಡಿ ಮೇಲೆ. ಒಂದೇ ವ್ಯತ್ಯಾಸ. ಪ್ರದಕ್ಷಿಣೆಯಲ್ಲಿ ದೇವರು ನಮ್ಮ ಬಲಕ್ಕೆ ಇರ್ತಾನೆ, ಇಲ್ಲಿ ರನ್‌ವೇ ಎಡಕ್ಕೆ ಇರುತ್ತೆ. ಬೇರೆ ಸೂಚನೆ ಇಲ್ಲದಿದ್ರೆ ಎಲ್ಲ ತಿರುವೂ ಎಡಕ್ಕೆ. ಪೈಲಟ್ ಕೂರೋದೂ ಎಡ ಸೀಟಲ್ಲಿ, ಹಾಗಾಗಿ ರನ್‌ವೇ ಸದಾ ಕಣ್ಣಿಗೆ ಬೀಳ್ತಿರುತ್ತೆ. ಗಾಳಿ ಯಾವ ಕಡೆಯಿಂದ ಅಂತ ಹೇಳೋಕೆ ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ ಇರುತ್ತೆ. ಗಾಳಿಗೆ ಎದುರಾಗಿ ಇಳೀಬೇಕು ಅನ್ನೋದು ಎಲ್ಲರಿಗೂ ಗೊತ್ತು. ಹಾಗಾಗಿ ಯಾವ ಕಡೆಯಿಂದ ಇಳೀಬೇಕು ಅನ್ನೋದನ್ನ ಆ ಬಟ್ಟೆಯೇ ಹೇಳಿಬಿಡುತ್ತೆ.

ದೂರದ ಹಾರಾಟದಲ್ಲೂ ಅಷ್ಟೇ. ನೆಲದಿಂದ 3,000 ಅಡಿಗಿಂತ ಮೇಲೆ, ಕಣ್ಣಲ್ಲಿ ನೋಡ್ಕೊಂಡು ಹಾರೋ ವಿಮಾನಗಳಿಗೆ ಎತ್ತರದ ನಿಯಮ ಇದೆ. ಪೂರ್ವದ ಕಡೆ ಹೋಗೋರು 3,500, 5,500 ಅಡಿಯಲ್ಲಿ. ಪಶ್ಚಿಮದ ಕಡೆ ಹೋಗೋರು 4,500, 6,500 ಅಡಿಯಲ್ಲಿ. ಎದುರುಬದುರು ಬರೋರು ಬೇರೆ ಬೇರೆ ಮಹಡೀಲಿ ಇದ್ದ ಹಾಗೆ. ಅಡ್ಡ ಬರೋವಾಗ ಬಲಗಡೆ ಇರೋ ವಿಮಾನಕ್ಕೆ ದಾರಿ ಬಿಡಬೇಕು. ನೇರ ಎದುರಾದ್ರೆ ಇಬ್ಬರೂ ಬಲಕ್ಕೆ ಸರೀಬೇಕು. ಮೋಡದೊಳಗೆ ಹೋಗೋ ಹಾಗಿಲ್ಲ. ಸಾಮಾನ್ಯವಾಗಿ ಕನಿಷ್ಠ 3 ಮೈಲಿ, ಅಂದ್ರೆ ಸುಮಾರು 5 ಕಿಲೋಮೀಟರ್ ದೂರ ಕಣ್ಣಿಗೆ ಕಾಣ್ತಿರಬೇಕು. ಈ ನಿಯಮಗಳಲ್ಲಿ ಎಲ್ಲೂ ಕಿವಿಗೆ ಕೆಲಸ ಇಲ್ಲ. 'ನೋಡು, ತಪ್ಪಿಸಿಕೋ' ಅನ್ನೋದೇ ಮೂಲಮಂತ್ರ.

ನಾಲ್ಕನೆಯದು, ಟವರ್. ಟವರ್ ಇರೋ ಏರ್‌ಪೋರ್ಟ್‌ಗೆ ಹೋಗಲೇಬೇಕಾದ್ರೆ? ಅದಕ್ಕೂ ದಾರಿ ಇದೆ. ಮೊದಲೇ ಟವರ್‌ಗೆ ತಿಳಿಸಬೇಕು: ಇಂಥ ಬಣ್ಣದ ವಿಮಾನ, ಇಂಥ ನಂಬರ್, ಇಷ್ಟು ಹೊತ್ತಿಗೆ ಬರ್ತೀನಿ, ರೇಡಿಯೋ ಬಳಸಲ್ಲ ಅಂತ. ಅವರು ಒಪ್ಪಿದ್ರೆ ವಿಮಾನ ಬಂದಾಗ ಟವರ್‌ನಿಂದ ಬಣ್ಣದ ಬೆಳಕು ತೋರಿಸ್ತಾರೆ. ಲೈಟ್ ಗನ್ ಅಂತ ಕರೀತಾರೆ, ಬಂದೂಕಿನ ಥರ ಗುರಿ ಹಿಡಿಯೋ ಲೈಟು. ಆಕಾಶದಲ್ಲಿದ್ದಾಗ ನಿಂತ ಹಸಿರು ಬೆಳಕು ಕಂಡ್ರೆ ಇಳಿಯಬಹುದು. ನಿಂತ ಕೆಂಪು ಕಂಡ್ರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಾ ಇರು. ಮಿಣುಕೋ ಕೆಂಪು ಅಂದ್ರೆ ಇಲ್ಲಿ ಇಳೀಬೇಡ, ಸುರಕ್ಷಿತ ಅಲ್ಲ. ಕೆಂಪು-ಹಸಿರು ಒಂದಾದ ಮೇಲೊಂದು ಬಂದ್ರೆ ತುಂಬಾ ಹುಷಾರಾಗಿರು. 'ಅರ್ಥ ಆಯ್ತು' ಅಂತ ಹೇಳೋಕೆ ಪೈಲಟ್ ಹಗಲಲ್ಲಿ ರೆಕ್ಕೆ ಅಲ್ಲಾಡಿಸ್ತಾರೆ, ರಾತ್ರಿ ಲೈಟ್ ಮಿಣುಕಿಸ್ತಾರೆ.

ಈ ಬೆಳಕಿನ ಭಾಷೆಯನ್ನ ಕಿವುಡರಿಗೋಸ್ಕರ ಮಾಡಿದ್ದಲ್ಲ. ಯಾರ ವಿಮಾನದಲ್ಲಿ ಬೇಕಾದ್ರೂ ರೇಡಿಯೋ ಕೆಡಬಹುದು. ಹಾಗಾಗಿ ಎಲ್ಲ ಪೈಲಟ್‌ಗಳೂ ಇದನ್ನ ಕಲೀಲೇಬೇಕು. ನಮಗೆ ಅದು ಪರೀಕ್ಷೆಗೆ ಉರು ಹೊಡೆದು ಮರೆತುಬಿಡೋ ಪಾಠ. ಕಿವುಡ ಪೈಲಟ್‌ಗೆ ಅದು ದಿನನಿತ್ಯದ ಭಾಷೆ.

ಐದನೆಯದು, ಕಲಿಕೆ. ಪಕ್ಕದಲ್ಲಿ ಕೂತ ಗುರು 'ಸ್ವಲ್ಪ ಎಡಕ್ಕೆ' ಅಂದ್ರೆ ಕೇಳಿಸಲ್ಲ. ಸನ್ನೆ ಮಾಡಿದ್ರೆ ನೋಡಬೇಕು, ಆದ್ರೆ ಇಳಿಯೋ ಹೊತ್ತಲ್ಲಿ ಕಣ್ಣು ರನ್‌ವೇ ಬಿಟ್ಟು ಕದಲೋ ಹಾಗಿಲ್ಲ. ಹಾಗಾಗಿ ಪಾಠ ಬಹುಪಾಲು ನೆಲದ ಮೇಲೆ ನಡೆಯುತ್ತೆ. ಹಾರೋ ಮುಂಚೆ ಕೂತು, ಬರೆದು, ಇವತ್ತು ಏನು ಮಾಡ್ತೀವಿ ಅಂತ ಒಂದೊಂದೇ ಹೆಜ್ಜೆ ಒಪ್ಪಿಕೊಳ್ತಾರೆ. ಆಕಾಶದಲ್ಲಿ ನಾಲ್ಕೈದು ಕೈಸನ್ನೆ, ಒಂದು ಬರೆಯೋ ಪ್ಯಾಡ್, ಕಂಟ್ರೋಲ್ ತಗೋತೀನಿ ಅನ್ನೋಕೆ ಒಂದು ಗುರುತು. ಇಳಿದ ಮೇಲೆ ಮತ್ತೆ ಕೂತು ತಪ್ಪು ಒಪ್ಪು ನೋಡ್ತಾರೆ. ಓದ್ತಾ ಓದ್ತಾ ನನಗನ್ನಿಸಿದ್ದು, ಕಿವಿ ಕೇಳೋರಿಗೂ ಹೀಗೇ ಕಲಿಸಿದ್ರೆ ಒಳ್ಳೇದೇ.

ಲೈಸೆನ್ಸ್ ಮೇಲೆ ಒಂದು ಸಾಲು

ಈಗ ಕಾನೂನು. ಅಮೆರಿಕದಲ್ಲಿ ವಿಮಾನಯಾನ ನೋಡ್ಕೊಳ್ಳೋ ಸಂಸ್ಥೆ ಎಫ್‌ಎಎ. ಅವರ ಮೆಡಿಕಲ್ ಪರೀಕ್ಷೆಯಲ್ಲಿ ಕಿವಿಯ ಪರೀಕ್ಷೆ ಇದೆ. ಅದರ ಒಂದು ವಿಧಾನ ತುಂಬಾ ಸರಳ. ನಿಶ್ಶಬ್ದ ಕೋಣೆಯಲ್ಲಿ ಡಾಕ್ಟರ್ ಕಡೆ ಬೆನ್ನು ಮಾಡಿ 6 ಅಡಿ ದೂರದಲ್ಲಿ ನಿಲ್ಲಬೇಕು, ಅವರು ಮಾಮೂಲಿ ದನಿಯಲ್ಲಿ ಮಾತಾಡಿದ್ದು ಕೇಳಿಸಬೇಕು. ಕೇಳಿಸದಿದ್ರೆ ಕಥೆ ಅಲ್ಲಿಗೇ ಮುಗಿಯಲ್ಲ. ಸರ್ಟಿಫಿಕೇಟ್ ಕೊಡಬಹುದು, ಆದ್ರೆ ಅದರ ಮೇಲೆ ಒಂದು ಸಾಲು ಬರುತ್ತೆ. ಕನ್ನಡದಲ್ಲಿ ಹೇಳೋದಾದ್ರೆ, ರೇಡಿಯೋ ಬಳಕೆ ಅಗತ್ಯವಿರುವ ಹಾರಾಟಕ್ಕೆ ಇದು ಮಾನ್ಯವಲ್ಲ.

ಜೊತೆಗೆ ವಿಮಾನದಲ್ಲೇ ಒಂದು ಪರೀಕ್ಷೆ ಇರುತ್ತೆ. ಎಂಜಿನ್ ಶಕ್ತಿ ಕಮ್ಮಿ ಆಗಿದ್ದು, ಸ್ಟಾಲ್ ಹತ್ರ ಬಂದಿದ್ದು, ಇದೆಲ್ಲ ಕಿವಿ ಇಲ್ಲದೆ ತನಗೆ ಗೊತ್ತಾಗುತ್ತೆ ಅಂತ ಇನ್‌ಸ್ಪೆಕ್ಟರ್ ಮುಂದೆ ಹಾರಿಸಿ ತೋರಿಸಬೇಕು. ಹಿಯರಿಂಗ್ ಏಡ್ ಹಾಕ್ಕೊಂಡ್ರೆ ಸಾಕಷ್ಟು ಕೇಳಿಸೋರಿಗೆ ಬೇರೆ ಷರತ್ತು, ಹಾರುವಾಗ ಅದನ್ನ ಹಾಕ್ಕೊಂಡೇ ಇರಬೇಕು.

ಆ ಸಾಲನ್ನ ಇನ್ನೊಂದ್ಸಲ ಓದಿ. 'ನೀನು ಪೈಲಟ್ ಆಗೋಕೆ ಲಾಯಕ್ಕಿಲ್ಲ' ಅಂತ ಅದು ಹೇಳಲ್ಲ. 'ಇಂಥ ಜಾಗಕ್ಕೆ ಹೋಗಬೇಡ' ಅಂತ ಹೇಳುತ್ತೆ. ಕನ್ನಡಕ ಹಾಕ್ಕೊಂಡು ಗಾಡಿ ಓಡಿಸು ಅನ್ನೋದಕ್ಕೂ, ಕಣ್ಣು ಸರಿ ಇಲ್ಲ, ಗಾಡಿ ಮುಟ್ಟಬೇಡ ಅನ್ನೋದಕ್ಕೂ ಇರೋ ವ್ಯತ್ಯಾಸ ಇದು.

ಎಲ್ಲಿ ಆಗಲ್ಲ, ಎಲ್ಲಿ ಅಪಾಯ

ಇಷ್ಟು ಹೇಳಿ ನಿಲ್ಲಿಸಿದ್ರೆ ಮೋಸ ಆಗುತ್ತೆ. ಮಿತಿಗಳಿವೆ.

ದೊಡ್ಡ ಏರ್‌ಪೋರ್ಟ್‌ಗಳ ಸುತ್ತಲಿನ ಆಕಾಶಕ್ಕೆ ರೇಡಿಯೋ ಕಡ್ಡಾಯ. ಅಲ್ಲಿಗೆ ಒಬ್ಬರೇ ಹೋಗೋ ಹಾಗಿಲ್ಲ. ರೇಡಿಯೋ ನೋಡ್ಕೊಳ್ಳೋ ಇನ್ನೊಬ್ಬ ಪೈಲಟ್ ಜೊತೆಗಿರಬೇಕು. ಪ್ರಯಾಣಿಕರನ್ನ ಕೂರಿಸ್ಕೊಂಡು ಹೋಗೋ ದೊಡ್ಡ ಏರ್‌ಲೈನ್ ಕೆಲಸ ಅವರಿಗೆ ಮುಚ್ಚಿದ ಬಾಗಿಲೇ. ಮೋಡದೊಳಗೆ, ಮೀಟರ್‌ಗಳನ್ನಷ್ಟೇ ನಂಬಿ ಹಾರೋಕೆ ಬೇರೆ ಅರ್ಹತೆ ಬೇಕು. ಅದನ್ನ ಪಡೆದ ಮೊದಲ ಕಿವುಡ ಪೈಲಟ್ ಅಮೆರಿಕದ ಸ್ಟೀಫನ್ ಹಾಪ್ಸನ್, 2006ರಲ್ಲಿ. ಕ್ಯಾಲ್ ರಾಡ್ಜರ್ಸ್ ದೇಶ ದಾಟಿ 95 ವರ್ಷ ಆದ ಮೇಲೆ.

ಅಪಾಯವೂ ಇದೆ. ಟವರ್ ಇಲ್ಲದ ಏರ್‌ಪೋರ್ಟ್‌ನಲ್ಲಿ ಉಳಿದ ಪೈಲಟ್‌ಗಳು ರೇಡಿಯೋದಲ್ಲಿ ಮಾತಾಡ್ಕೊಂಡು 'ಆಕಾಶದಲ್ಲಿ ಇಷ್ಟೇ ಜನ' ಅಂತ ಅಂದ್ಕೊಂಡುಬಿಡಬಹುದು. ಮಾತಾಡದ ಒಂದು ವಿಮಾನ ಅವರ ಲೆಕ್ಕದಲ್ಲಿ ಇರಲ್ಲ. ಕಿವುಡ ಪೈಲಟ್‌ಗೂ 'ಹಿಂದೆ ನಾನಿದ್ದೀನಿ' ಅನ್ನೋ ಎಚ್ಚರಿಕೆ ಸಿಗಲ್ಲ. ಸಣ್ಣ ವಿಮಾನದಲ್ಲಿ ಹಿಂದೆ, ಕೆಳಗೆ ಸರಿಯಾಗಿ ಕಾಣೋದೂ ಇಲ್ಲ. ಅದಕ್ಕೇ ಇಳಿಯೋ ಮುಂಚೆ ಕತ್ತು ತಿರುಗಿಸಿ ತಿರುಗಿಸಿ ನೋಡೋದು ಇವರಿಗೆ ಜೀವ ಉಳಿಸೋ ಅಭ್ಯಾಸ.

ಇಲ್ಲಿ ತಂತ್ರಜ್ಞಾನ ಸ್ವಲ್ಪ ಸಹಾಯಕ್ಕೆ ಬಂದಿದೆ. 2020ರ ಜನವರಿ 1ರಿಂದ ಅಮೆರಿಕದ ನಿಯಂತ್ರಿತ ಆಕಾಶದ ಬಹುಭಾಗದಲ್ಲಿ ವಿಮಾನಗಳು 'ನಾನು ಇಲ್ಲಿದ್ದೀನಿ, ಇಷ್ಟು ಎತ್ತರದಲ್ಲಿದ್ದೀನಿ' ಅಂತ ತಾವಾಗೇ ಸಿಗ್ನಲ್ ಕಳಿಸಬೇಕು. ಎಡಿಎಸ್-ಬಿ ಅಂತ ಅದರ ಹೆಸರು. ಆ ಸಿಗ್ನಲ್ ಹಿಡಿಯೋ ಪುಟ್ಟ ಪೆಟ್ಟಿಗೆ ಇದ್ರೆ ಸುತ್ತ ಇರೋ ವಿಮಾನಗಳು ಟ್ಯಾಬ್ಲೆಟ್‌ನಲ್ಲಿ ಚುಕ್ಕೆಗಳಾಗಿ ಕಾಣ್ತವೆ, ಕ್ಯಾಬ್ ಆ್ಯಪ್‌ನಲ್ಲಿ ಕಾರು ಕಾಣೋ ಹಾಗೆ. ಹವಾಮಾನವೂ ಅಕ್ಷರದಲ್ಲೇ ಬರುತ್ತೆ. ಆದ್ರೆ ಸಿಗ್ನಲ್ ಕಳಿಸದ ಹಳೇ ವಿಮಾನಗಳು ಅದರಲ್ಲಿ ಕಾಣಲ್ಲ. ಹಾಗಾಗಿ ಕೊನೆಗೂ ಕಣ್ಣೇ ಗತಿ.

ದೊಡ್ಡ ವಿಮಾನಗಳಲ್ಲಿ ಇನ್ನೂ ಒಂದು ಬದಲಾವಣೆ ಆಗಲೇ ಬಂದಿದೆ. ಸಾಗರದ ಮೇಲೆ ಹಾರುವಾಗ ಕಂಟ್ರೋಲರ್‌ಗಳೂ ಪೈಲಟ್‌ಗಳೂ ಮೆಸೇಜ್ ಥರ ಅಕ್ಷರದಲ್ಲೇ ಸೂಚನೆ ಕೊಟ್ಟು ತಗೊಳ್ತಾರೆ. ಅವರು ಹಾಗೆ ಮಾಡೋದು ಮಾತಿಗಿಂತ ಬರಹದಲ್ಲಿ ತಪ್ಪು ಕಮ್ಮಿ ಅನ್ನೋ ಕಾರಣಕ್ಕೂ ಹೌದು. ಅದು ಸಣ್ಣ ವಿಮಾನಗಳಿಗೂ ಇಳಿದು ಬಂದ ದಿನ, ಲೈಸೆನ್ಸ್ ಮೇಲಿನ ಆ ಒಂದು ಸಾಲಿನ ಅರ್ಥವೇ ಬದಲಾಗಬಹುದು.

ನಮ್ಮಲ್ಲಿ?

ಈಗ ತಂಗಿಯ ಪ್ರಶ್ನೆಗೆ ಬರ್ತೀನಿ. ನನ್ನ 'ಇಲ್ಲ' ಪೂರ್ತಿ ತಪ್ಪಲ್ಲ ಅಂದಿದ್ದೆ. ಇಲ್ಲಿ ಪೈಲಟ್ ಲೈಸೆನ್ಸ್ ಕೊಡೋದು ಡಿಜಿಸಿಎ. ಅವರ ಮೆಡಿಕಲ್‌ನಲ್ಲಿ ಕಿವಿಯ ಪರೀಕ್ಷೆ ಇದೆ. ರೇಡಿಯೋದಲ್ಲಿ ಮಾತಾಡೋಕೆ ಪ್ರತ್ಯೇಕ ಲೈಸೆನ್ಸ್ ಬೇರೆ. ಜಕ್ಕೂರಿನ ಸುತ್ತ ನೋಡಿ. ಒಂದು ಕಡೆ ಯಲಹಂಕದ ವಾಯುಪಡೆ ನೆಲೆ, ಇನ್ನೊಂದು ಕಡೆ ಕೆಂಪೇಗೌಡ ವಿಮಾನ ನಿಲ್ದಾಣ. ಅಂಥ ಆಕಾಶದಲ್ಲಿ ರೇಡಿಯೋ ಇಲ್ಲದೆ ಆಗಲ್ಲ. ಅಮೆರಿಕದ ಥರ ಟವರ್ ಇಲ್ಲದ ಸಾವಿರಾರು ಏರ್‌ಪೋರ್ಟ್, ಅವುಗಳ ನಡುವೆ ಖಾಲಿ ಆಕಾಶ, ಆ ಅನುಕೂಲ ನಮಗಿಲ್ಲ.

ಆದ್ರೆ ಇದೇ ಪ್ರಶ್ನೆಯನ್ನ ನಮ್ಮ ದೇಶ ರಸ್ತೆ ಮೇಲೆ ಒಂದು ಸಲ ಕೇಳಿದೆ, ಉತ್ತರವನ್ನೂ ಬದಲಾಯಿಸಿದೆ. ತುಂಬಾ ವರ್ಷ ಕಿವುಡರಿಗೆ ಡ್ರೈವಿಂಗ್ ಲೈಸೆನ್ಸ್ ಸಿಗ್ತಿರಲಿಲ್ಲ. ಕಾರಣ ಅದೇ: ಹಾರನ್ ಕೇಳಿಸಲ್ವಲ್ಲ. 2011ರಲ್ಲಿ ದೆಹಲಿ ಹೈಕೋರ್ಟ್, ಕಿವುಡರು ಅರ್ಜಿ ಹಾಕಬಹುದು, ಡ್ರೈವಿಂಗ್ ಪರೀಕ್ಷೆ ಪಾಸಾದ್ರೆ ಲೈಸೆನ್ಸ್ ಕೊಡಬೇಕು ಅಂತ ಹೇಳ್ತು. 2016ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಖಾಸಗಿ ವಾಹನದ ಲೈಸೆನ್ಸ್ ಕೊಡೋ ಬಗ್ಗೆ ಎಲ್ಲ ರಾಜ್ಯಗಳಿಗೂ ಪತ್ರ ಬರೀತು. ಗಾಡಿ ಓಡಿಸೋದು ಮುಖ್ಯವಾಗಿ ಕಣ್ಣಿನ ಕೆಲಸ ಅನ್ನೋದನ್ನ ಒಪ್ಪಿಕೊಂಡ ಹಾಗಾಯ್ತು. ಎಸಿ ಹಾಕಿ, ಗಾಜು ಏರಿಸಿ, ಜೋರಾಗಿ ಹಾಡು ಹಾಕ್ಕೊಂಡು ಹೋಗೋರಿಗೆ ಎಷ್ಟು ಹಾರನ್ ಕೇಳುತ್ತೆ, ನೀವೇ ಹೇಳಿ.

ಹಾಗಾಗಿ ಈ ವಾರ ನಾನು ಕಲಿತಿದ್ದು ಇಷ್ಟು. 'ಕಿವಿ ಕೇಳದವರು ವಿಮಾನ ಓಡಿಸಬಹುದಾ' ಅನ್ನೋ ಪ್ರಶ್ನೆಗೆ ಒಂದೇ ಪದದ ಉತ್ತರ ಇಲ್ಲ. ಯಾವ ವಿಮಾನ, ಯಾವ ಆಕಾಶ, ಕಿವಿ ಅಲ್ಲಿ ಯಾವ ಕೆಲಸಕ್ಕೆ ಅಂತ ಬಿಡಿಸಿ ಕೇಳಬೇಕು. ಹಾಗೆ ಕೇಳಿದ ಮೇಲೂ ಕೆಲವು ಕಡೆ 'ಇಲ್ಲ' ಅಂತಲೇ ಬರುತ್ತೆ. ಆ 'ಇಲ್ಲ'ಕ್ಕೆ ಕಾರಣ ಇರುತ್ತೆ, ಅದನ್ನ ಮುಂದೆ ಯಾರಾದ್ರೂ ಸರಿಪಡಿಸಬಹುದು. ಸ್ಕೂಟರ್ ಮೇಲೆ ಕೂತು ನಾನು ಹೇಳಿದ 'ಇಲ್ಲ'ಕ್ಕೆ ಕಾರಣವೇ ಇರಲಿಲ್ಲ. ಅದು ಬರೀ ಅಭ್ಯಾಸ.

ಇದನ್ನ ಇಲ್ಲಿ ಹಾಕೋ ಮುಂಚೆ ತಂಗಿಗೆ ಕಳಿಸಿದೆ. 'ಅವತ್ತು ಗೊತ್ತಿಲ್ಲದೆ ಹೇಳಿಬಿಟ್ಟೆ, ಸಾರಿ ಕಣೇ' ಅಂತಲೂ ಬರೆದೆ. ಸ್ವಲ್ಪ ಹೊತ್ತಿಗೆ ರಿಪ್ಲೈ ಬಂತು: "ಓದಿದೆ ಅಕ್ಕಾ. ಮೊದಲು ಸ್ಕೂಟರ್ ಲೈಸೆನ್ಸ್ ಮಾಡಿಸ್ತೀನಿ. ಆರ್‌ಟಿಓಗೆ ಜೊತೆಗೆ ಬಾ. ಅವರೂ ನಿನ್ನ ಥರಾನೇ ಯೋಚಿಸದೆ ಇಲ್ಲ ಅಂದುಬಿಡ್ತಾರೆ."

ಮುಂದಿನ ಸೋಮವಾರ ಹೋಗ್ತಿದ್ದೀವಿ. ಸಚಿವಾಲಯದ ಪತ್ರದ ಪ್ರಿಂಟ್ ತೆಗೆದಿಟ್ಟಿದ್ದೀನಿ. ಅಲ್ಲೇನಾಯ್ತು ಅಂತ ಮುಂದಿನ ಎಪಿಸೋಡ್‌ನಲ್ಲಿ ಹೇಳ್ತೀನಿ. ಕೇಳೋರಿಗೆ ಕೇಳಿಸ್ತೀನಿ, ಓದೋರಿಗೆ ಬರೆದು ಹಾಕ್ತೀನಿ. ಅಲ್ಲಿಯವರೆಗೆ, ನಮಸ್ಕಾರ.